ನಮ್ಮ ನೆರೆಯ ಕೊರಂಟಿ ದವಾಖಾನೆ

ಕಾಚಿಗೂಡದಿಂದ ಬರ್ಕತ್‌ಪುರದ ಮಾರ್ಗವಾಗಿ ನಲ್ಲಕುಂಟೆಯ ಕಡೆಗೆ ನಡೆದು ಹೋದರೆ ವಿಶಾಲವಾದ ಆವರಣವುಳ್ಳ ಒಂದು ಸರಕಾರಿ ಆಸ್ಪತ್ರೆಯು ನಮಗೆ ಎದುರಾಗುವುದು. ಅದರ ಅಧಿಕೃತ ನಾಮಧೇಯವು ಬಹು ದೀರ್ಘವಾದುದು: ಸರ್ ರೊನಾಲ್ಡ್ ರಾಸ್ ಉಷ್ಣವಲಯದ ಹಾಗೂ ಸಾಂಕ್ರಾಮಿಕ ರೋಗಗಳ ಸಂಸ್ಥೆ. ಆದರೆ ಈ ಹೆಸರನ್ನು ಹೇಳಿ ದಾರಿ ಕೇಳಿದರೆ ತೋರಿಸುವವರು ವಿರಳ. 'ಫೀವರ್ ಆಸ್ಪತ್ರೆ' ಎಂದರೆ ಎಲ್ಲರೂ ಬಲ್ಲರು. ಈ ಬಡಾವಣೆಯಲ್ಲಿಯೇ ಹುಟ್ಟಿ ಬೆಳೆದ ವೃದ್ಧರನ್ನು ಕೇಳಿದರೆ ಅವರು 'ಕೊರಂಟಿ ದವಾಖಾನೆ' ಎಂಬ ಮೂರನೆಯ ಹೆಸರನ್ನು ಹೇಳುವರು.

ಒಂದೇ ಆಸ್ಪತ್ರೆಗೆ ಮೂರು ಹೆಸರುಗಳೇಕೆ? ಇದು ಅಕಸ್ಮಾತ್ತಾಗಿ ಆದುದಲ್ಲ. ಅಂಟುಜಾಡ್ಯಗಳ ವಿಷಯದಲ್ಲಿ ಮಾನವನ ಮನಸ್ಸು ನಡೆದು ಬಂದ ದಾರಿಯೇ ಈ ಮೂರು ಹೆಸರುಗಳಲ್ಲಿ ಅಡಗಿದೆ. ಮೊದಲನೆಯದು ಭಯದ ಹೆಸರು, ಎರಡನೆಯದು ಶುಶ್ರೂಷೆಯ ಹೆಸರು, ಮೂರನೆಯದು ಜ್ಞಾನದ ಹೆಸರು. ಆ ಆಸ್ಪತ್ರೆಯ ಬಳಿ ಬಂದಾಗ ಮೂಗಿಗೆ ಕೈವಸ್ತ್ರವನ್ನು ಹಿಡಿದು ಸರಸರನೆ ನಡೆದುಬಿಡುವವರನ್ನು ನಾವು ನೋಡಿದ್ದೇವೆ. ಅವರ ಮನಸ್ಸು ಇನ್ನೂ ಮೊದಲನೆಯ ಹೆಸರಿನಲ್ಲಿಯೇ ನಿಂತಿದೆ. ನಾವು ಈ ಪಾಠದಲ್ಲಿ ಮೂರೂ ಹೆಸರುಗಳನ್ನು ಒಂದೊಂದಾಗಿ ವಿಚಾರ ಮಾಡೋಣ.

'ದವಾಖಾನೆ' ಎಂಬ ಮಾತು ನಮಗೆ ಹೊಸದಲ್ಲ. ದವಾ ಎಂದರೆ ಔಷಧ, ಖಾನೆ ಎಂದರೆ ಮನೆ. ಕಲಬುರಗಿ, ಬೀದರ, ರಾಯಚೂರುಗಳ ಕಡೆಯಿಂದ ಬಂದ ನಮ್ಮ ಮನೆಗಳಲ್ಲಿ ಇಂದಿಗೂ ಆಸ್ಪತ್ರೆಗೆ ದವಾಖಾನೆಯೆಂದೇ ಹೇಳುವ ರೂಢಿಯುಂಟು. ಹಾಗಾದರೆ 'ಕೊರಂಟಿ' ಎಂದರೇನು? ಅದು ಉರ್ದುವೂ ಅಲ್ಲ, ತೆಲುಗೂ ಅಲ್ಲ, ಕನ್ನಡವೂ ಅಲ್ಲ. 'ಕ್ವಾರಂಟೈನ್' ಎಂಬ ಮಾತು ಜನರ ಬಾಯಲ್ಲಿ ಸವೆದು ಕೊರಂಟಿಯಾಗಿದೆ. ಆ ಮಾತಿನ ಮೂಲವಾದರೋ ಇಟಲಿ ದೇಶದ ಭಾಷೆಯಲ್ಲಿದೆ. ಅಲ್ಲಿ 'ಕ್ವರಾಂತ' ಎಂದರೆ ನಲವತ್ತು.

ನಲವತ್ತಕ್ಕೂ ರೋಗಕ್ಕೂ ಸಂಬಂಧವೇನು? ಹದಿನಾಲ್ಕನೆಯ ಶತಮಾನದಲ್ಲಿ ಯೂರೋಪು ಖಂಡವು ಪ್ಲೇಗಿನಿಂದ ತತ್ತರಿಸಿತು. ಆಗ ಏಡ್ರಿಯಾಟಿಕ್ ಸಮುದ್ರ ತೀರದ ರಗೂಸ ಎಂಬ ಬಂದರು ಪಟ್ಟಣವು, ರೋಗವಿರುವ ಸ್ಥಳಗಳಿಂದ ಬಂದವರು ಒಂದು ತಿಂಗಳು ಊರಾಚೆ ಉಳಿದ ತರುವಾಯವೇ ಒಳಗೆ ಬರಬೇಕೆಂದು 1377ರಲ್ಲಿ ಕಟ್ಟಳೆ ಮಾಡಿತು. ಆ ಪಟ್ಟಣಕ್ಕೆ ಇಂದು ದುಬ್ರೋವ್ನಿಕ್ ಎಂದು ಹೆಸರು. ಕಾಲಕ್ರಮದಲ್ಲಿ ಈ ಅವಧಿಯು ನಲವತ್ತು ದಿನಗಳಾಯಿತು. ವೆನಿಸ್ ನಗರವು 1423ರಲ್ಲಿ ಒಂದು ದ್ವೀಪದ ಮೇಲೆ ಪ್ಲೇಗು ರೋಗಿಗಳಿಗಾಗಿಯೇ ಆಸ್ಪತ್ರೆಯನ್ನು ಸ್ಥಾಪಿಸಿತು. ರೋಗಕ್ಕೆ ಕಾರಣವೇನೆಂದು ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಯದವರಿಗೆ ಇದ್ದ ಉಪಾಯವು ಒಂದೇ: ರೋಗಿಯನ್ನು ದೂರವಿಡುವುದು.

ನಮ್ಮ ಹೈದರಾಬಾದಿಗೂ ಇಂತಹ ಭಯವು ಪರಿಚಿತವೇ ಆಗಿದ್ದಿತು. ಪ್ಲೇಗು ಅಡಗಿದ ಕುರುಹಾಗಿ 1591ರಲ್ಲಿ ಚಾರ್‌ಮಿನಾರನ್ನು ಕಟ್ಟಿಸಿದರೆಂಬ ಐತಿಹ್ಯವನ್ನು ನೀವು ಕೇಳಿರಬಹುದು. ಆಷಾಢದ ಬೋನಾಲು ಹಬ್ಬವೂ 1813ರಲ್ಲಿ ಬಂದ ಮಹಾಮಾರಿಯ ಕಾಲದಲ್ಲಿ ಹೊತ್ತ ಹರಕೆಯಿಂದ ಮೊದಲಾಯಿತೆಂದು ಜನರು ಹೇಳುವರು. ಇವು ಜನರ ನಂಬಿಕೆಗಳು. ಇತಿಹಾಸಕಾರರು ಇವೆಲ್ಲವನ್ನೂ ಒಪ್ಪಲಾರರು. ಆದರೆ ಒಂದು ನಗರವು ತನ್ನ ಹಿರಿಯ ಸ್ಮಾರಕವನ್ನೂ ತನ್ನ ಹಿರಿಯ ಹಬ್ಬವನ್ನೂ ರೋಗದ ನೆನಪಿನೊಂದಿಗೆ ಹೆಣೆದುಕೊಂಡಿರುವುದನ್ನು ನೋಡಿದರೆ ಆ ಭಯವು ಎಷ್ಟು ಆಳವಾದುದೆಂದು ತಿಳಿಯುವುದು.

ಈಚಿನ ಪ್ಲೇಗಿನ ಕಥೆಯು 1896ರಲ್ಲಿ ಮುಂಬಯಿಯಿಂದ ಪ್ರಾರಂಭವಾಯಿತು. ರೋಗವು ರೈಲುಮಾರ್ಗಗಳನ್ನು ಹಿಡಿದು ದೇಶದೊಳಗೆ ಹರಡಿತು. 1898ರಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ಅಲ್ಲಿನ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರುವುದಕ್ಕಾಗಿಯೇ ಮಲ್ಲೇಶ್ವರ ಮತ್ತು ಬಸವನಗುಡಿಗಳೆಂಬ ಬಡಾವಣೆಗಳು ಬೆಳೆದವು. ಕನ್ನಡ ನಾಡಿನ ಹಳ್ಳಿಗಳಲ್ಲಿ 'ಇಲಿ ಬಿತ್ತು' ಎಂಬ ಎರಡು ಮಾತು ಕೇಳಿದೊಡನೆ ಜನರು ಊರನ್ನು ತೊರೆದು ಹೊಲಗಳಲ್ಲಿ ಗುಡಿಸಲುಗಳನ್ನು ಹಾಕಿಕೊಳ್ಳುತ್ತಿದ್ದರು. 1911ರಲ್ಲಿ ಹೈದರಾಬಾದು ನಗರವೂ ಪ್ಲೇಗಿಗೆ ತುತ್ತಾಯಿತು. ಅದಕ್ಕೆ ಮೂರೇ ವರ್ಷಗಳ ಹಿಂದೆ, 1908ರ ಸೆಪ್ಟೆಂಬರ್ 28ರಂದು, ಮೂಸಿ ನದಿಯ ಪ್ರವಾಹವು ಸಾವಿರಾರು ಪ್ರಾಣಗಳನ್ನು ಕೊಂಡೊಯ್ದಿದ್ದಿತು. ನೀರಿನಿಂದಲೂ ರೋಗದಿಂದಲೂ ನೊಂದ ನಗರದಲ್ಲಿ 1915ರಲ್ಲಿ ನಿಜಾಮ ಸರಕಾರದವರು ಕೊರಂಟಿ ದವಾಖಾನೆಯನ್ನು ತೆರೆದರು. ಮೊದಲು ಅದು ಬೇರೊಂದೆಡೆಯಲ್ಲಿದ್ದು, ಕೆಲವು ವರ್ಷಗಳ ಮೇಲೆ ಈಗಿನ ಸ್ಥಳಕ್ಕೆ ಬಂದಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸೋಣ. ದವಾಖಾನೆಯು ಹುಟ್ಟಿದ ಮರುವರ್ಷವೇ, ಎಂದರೆ 1916ರಲ್ಲಿ, ನಮ್ಮ ಕಾಚಿಗೂಡದ ರೈಲು ನಿಲ್ದಾಣವು ನಿರ್ಮಾಣವಾಯಿತು. ಗುಮ್ಮಟಗಳಿಂದ ಶೋಭಿಸುವ ಆ ಕಟ್ಟಡವು ಹೊರಗಿನ ಜನರನ್ನು ನಗರಕ್ಕೆ ಬರಮಾಡಿಕೊಳ್ಳುವ ಬಾಗಿಲು. ದವಾಖಾನೆಯಾದರೋ ರೋಗವನ್ನು ನಗರದ ಹೊರಗೆ ತಡೆಯಲೆಂದು ಕಟ್ಟಿದ ಕದ. ಬಾಗಿಲನ್ನು ತೆರೆಯದೆ ನಗರವು ಬೆಳೆಯಲಾರದು. ಬಾಗಿಲು ತೆರೆದ ಮೇಲೆ ಕಾವಲೂ ಬೇಕಾಗುವುದು. ಇವೆರಡೂ ಒಂದೇ ಕಾಲದಲ್ಲಿ ನಮ್ಮ ನೆರೆಯಲ್ಲಿ ಎದ್ದುದು ಅರ್ಥಪೂರ್ಣವಾಗಿದೆ.

ಆದರೆ ಬರಿಯ ಕಾವಲಿನಿಂದ ರೋಗವು ನಿಲ್ಲುವುದೇ? ಪುಣೆಯ ಉದಾಹರಣೆಯನ್ನು ನೋಡೋಣ. 1897ರಲ್ಲಿ ಅಲ್ಲಿ ಪ್ಲೇಗನ್ನು ಅಡಗಿಸಲು ಸಿಪಾಯಿಗಳು ಮನೆಮನೆಗೆ ನುಗ್ಗಿ, ರೋಗಿಗಳನ್ನು ಬಲಾತ್ಕಾರದಿಂದ ಹೊರಗೆ ಸಾಗಿಸಿದರು. ದೇವರ ಮನೆ, ಅಡುಗೆಯ ಮನೆ ಎಂಬ ಭೇದವಿಲ್ಲದೆ ಶೋಧನೆ ನಡೆಯಿತು. ಜನರು ಕ್ರುದ್ಧರಾದರು. ಪ್ಲೇಗು ಅಧಿಕಾರಿ ರ್‍ಯಾಂಡ್ ಎಂಬವನ ಮೇಲೆ ಅದೇ ವರ್ಷದ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಇಷ್ಟೇ ಅಲ್ಲ. ಭಯಗೊಂಡ ಜನರು ತಮ್ಮ ರೋಗಿಗಳನ್ನು ಮನೆಯೊಳಗೇ ಬಚ್ಚಿಡತೊಡಗಿದರು. ಬಚ್ಚಿಟ್ಟ ರೋಗಕ್ಕೆ ಚಿಕಿತ್ಸೆಯಿಲ್ಲ; ಅದು ಮನೆಮಂದಿಯನ್ನೆಲ್ಲ ಬಲಿ ತೆಗೆದುಕೊಳ್ಳಬಲ್ಲದು. ರೋಗಿಯನ್ನು ಅಪರಾಧಿಯಂತೆ ಕಂಡರೆ ಅವನು ಅಪರಾಧಿಯಂತೆಯೇ ಅಡಗಿಕೊಳ್ಳುವನು. ಇದು ನಾವು ಮರೆಯಬಾರದ ಪಾಠ.

ಇನ್ನೊಂದು ಕಾರಣವೂ ಉಂಟು. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿಯು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದನು. ಅದು ಇಲಿಯ ಮೈಮೇಲಿನ ಚಿಗಟದ ಮೂಲಕ ಹರಡುವುದೆಂದು ಸೈಮಂಡ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು. ಹೀಗಿರುವಾಗ ಮನುಷ್ಯರನ್ನಷ್ಟೇ ತಡೆದು ನಿಲ್ಲಿಸಿದರೆ ಫಲವೇನು? ಧಾನ್ಯದ ಮೂಟೆಗಳ ನಡುವೆ ಕುಳಿತ ಇಲಿಯು ಯಾವ ಕಾವಲಿಗೂ ತಲೆ ಕೊಡದೆ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಿತು.

ಇನ್ನು ಎರಡನೆಯ ಹೆಸರಿಗೆ ಬರೋಣ. ಕೊರಂಟಿ ದವಾಖಾನೆಯು ಕ್ರಮೇಣ 'ಫೀವರ್ ಆಸ್ಪತ್ರೆ'ಯಾಯಿತು. ಎಂದರೆ ಜ್ವರದ ಆಸ್ಪತ್ರೆ. ಕೊರಂಟಿ ಎಂಬುದು ಆಸ್ಪತ್ರೆಯ ಹೊರಗಿರುವ ನಮ್ಮ ಕ್ಷೇಮವನ್ನು ಕುರಿತ ಮಾತು. ಜ್ವರ ಎಂಬುದು ಒಳಗೆ ಮಲಗಿರುವವನ ಸಂಕಟವನ್ನು ಕುರಿತ ಮಾತು. ಹೆಸರು ಬದಲಾದುದರಲ್ಲಿ ದೃಷ್ಟಿಯೂ ಬದಲಾಗಿದೆ. ಮುನ್ನೂರಕ್ಕೂ ಹೆಚ್ಚು ಹಾಸಿಗೆಗಳುಳ್ಳ ಈ ಆಸ್ಪತ್ರೆಗೆ ವಾಂತಿಭೇದಿ, ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ದಡಾರ, ವಿಷಮಶೀತ ಜ್ವರ, ಮಲೇರಿಯಾ, ಡೆಂಗಿ ಮೊದಲಾದ ರೋಗಗಳಿಂದ ಬಳಲುವವರು ಬರುವರು. ಹುಚ್ಚುನಾಯಿ ಕಡಿದವರೂ ಇಲ್ಲಿಗೇ ಓಡಿ ಬರುವರು. ಮಳೆಗಾಲ ಬಂದಿತೆಂದರೆ ಹೊರರೋಗಿಗಳ ಸಾಲು ಬಹಳ ಉದ್ದವಾಗುವುದು.

ಶುಶ್ರೂಷೆಯು ಎಂತಹ ಬದಲಾವಣೆಯನ್ನು ತರಬಲ್ಲುದೆಂಬುದಕ್ಕೆ ವಾಂತಿಭೇದಿಯೇ ಸಾಕ್ಷಿ. ಈ ರೋಗದಲ್ಲಿ ಶರೀರದ ನೀರೂ ಲವಣಗಳೂ ಕೆಲವೇ ಗಂಟೆಗಳಲ್ಲಿ ಹೊರಟುಹೋಗುತ್ತವೆ. ರೋಗಿಯು ಸಾಯುವುದು ಈ ನಷ್ಟದಿಂದಲೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರವೊಂದರಲ್ಲಿ ರಕ್ತನಾಳಕ್ಕೆ ಕೊಡುವ ದ್ರವವು ಮುಗಿದುಹೋಗುತ್ತಲಿದ್ದಿತು. ಆಗ ಡಾಕ್ಟರ್ ದಿಲೀಪ್ ಮಹಲನಾಬಿಸರು ಉಪ್ಪು, ಸೋಡ ಮತ್ತು ಗ್ಲುಕೋಸುಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಅಲ್ಲಿ ನೂರಕ್ಕೆ ಮೂವತ್ತರ ಸಮೀಪವಿದ್ದ ಸಾವಿನ ಪ್ರಮಾಣವು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣವು ಅದೇ. ನೋಡಿ, ಯಾರನ್ನು ಮುಟ್ಟಲೂ ಜನರು ಅಂಜುತ್ತಿದ್ದರೋ ಅವರ ಬಾಯಿಗೆ ಲೋಟವನ್ನು ಹಿಡಿದ ಕೈಯೇ ಅವರನ್ನು ಬದುಕಿಸಿತು.

ಹಾಗಾದರೆ ರೋಗಿಯನ್ನು ಬೇರೆ ಇಡಲೇಬಾರದೆ? ಹಾಗಲ್ಲ. ಕೆಲವು ರೋಗಗಳಲ್ಲಿ ಅದು ಅತ್ಯಾವಶ್ಯಕ. ರೋಗಾಣುವು ದೇಹವನ್ನು ಹೊಕ್ಕ ದಿನಕ್ಕೂ ರೋಗಲಕ್ಷಣವು ತೋರುವ ದಿನಕ್ಕೂ ನಡುವೆ ಒಂದು ಅವಧಿಯುಂಟು. ವಾಂತಿಭೇದಿಯಲ್ಲಿ ಅದು ಕೆಲವು ಗಂಟೆಗಳಿಂದ ಐದು ದಿನಗಳವರೆಗೆ. ಗಂಟಲಮಾರಿಯಲ್ಲಿ ಸಾಮಾನ್ಯವಾಗಿ ಎರಡರಿಂದ ಐದು ದಿನಗಳು. ದಡಾರದಲ್ಲಿ ಸುಮಾರು ಹತ್ತರಿಂದ ಹದಿನಾಲ್ಕು ದಿನಗಳು. ಈ ಲೆಕ್ಕವು ತಿಳಿದ ಮೇಲೆ ಎಲ್ಲರಿಗೂ ಒಂದೇ ನಲವತ್ತು ದಿನಗಳ ಕಟ್ಟಳೆ ಬೇಕಿಲ್ಲ. ಯಾರನ್ನು, ಎಷ್ಟು ದಿನ, ಯಾವ ಕಾರಣಕ್ಕಾಗಿ ಬೇರೆ ಇಡಬೇಕೆಂಬುದನ್ನು ಅರಿತು ಇಡಬಹುದು. ಸಿಡುಬನ್ನು ಭೂಮಿಯಿಂದ ನಿರ್ಮೂಲ ಮಾಡಿದುದೂ ಹೀಗೆಯೇ. ರೋಗಿಯನ್ನು ಕಂಡುಹಿಡಿದು ಬೇರೆ ಇರಿಸಿ, ಅವನ ಸುತ್ತಮುತ್ತಲಿನವರಿಗೆಲ್ಲ ಲಸಿಕೆ ಹಾಕುತ್ತ ಬಂದುದರಿಂದ ನಮ್ಮ ದೇಶದಲ್ಲಿ 1975ರಲ್ಲಿ ಸಿಡುಬು ಕೊನೆಗೊಂಡಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿತು. ಆದುದರಿಂದ ಬೇರೆ ಇಡುವುದು ಒಂದು, ದೂರ ತಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ರೋಗಿಯ ಹಿತವೂ ಇದೆ. ಎರಡನೆಯದರಲ್ಲಿ ನಮ್ಮ ಅಂಜಿಕೆಯೊಂದೇ ಇದೆ.

ಮೂರನೆಯ ಹೆಸರು ರೊನಾಲ್ಡ್ ರಾಸನದು. ಈತನು 1857ರಲ್ಲಿ ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ ಹುಟ್ಟಿದನು. ವೈದ್ಯನಾಗಿ ಭಾರತದ ಸೈನ್ಯದಲ್ಲಿ ಸೇವೆಗೆ ಸೇರಿದನು. ನಮ್ಮ ಬೆಂಗಳೂರಿಗೂ ಈತನಿಗೂ ನಂಟುಂಟು. 1883ರಲ್ಲಿ ಅಲ್ಲಿ ಕೆಲಸದಲ್ಲಿದ್ದಾಗ ಅವನ ಕೋಣೆಯಲ್ಲಿ ಸೊಳ್ಳೆಗಳ ಕಾಟವು ವಿಪರೀತವಾಗಿದ್ದಿತು. ಹುಡುಕಿ ನೋಡಲಾಗಿ, ಕಿಟಕಿಯ ಹೊರಗೆ ನೀರು ತುಂಬಿದ ಒಂದು ತೊಟ್ಟಿಯಲ್ಲಿ ಮರಿಹುಳುಗಳು ಹೊಯ್ದಾಡುತ್ತಿದ್ದವು. ತೊಟ್ಟಿಯನ್ನು ಬರಿದು ಮಾಡಿದನು, ಸೊಳ್ಳೆಗಳು ಕಡಮೆಯಾದವು. ಮಲೇರಿಯಾ ರೋಗಕ್ಕೂ ಸೊಳ್ಳೆಗೂ ಇರುವ ಸಂಬಂಧವು ಆಗ ಅವನಿಗೂ ತಿಳಿಯದು.

ಮಲೇರಿಯಾ ಎಂಬ ಹೆಸರಿಗೆ ಕೆಟ್ಟ ಗಾಳಿಯೆಂದು ಅರ್ಥ. ಜೌಗುಭೂಮಿಯ ಹೊಲಸು ಗಾಳಿಯೇ ಚಳಿಜ್ವರಕ್ಕೆ ಕಾರಣವೆಂದು ಜನರು ನಂಬಿದ್ದರು. ಇದರಲ್ಲಿ ಸೊಳ್ಳೆಯ ಕೈವಾಡವಿರಬಹುದೆಂದು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯನು 1894ರಲ್ಲಿ ಊಹಿಸಿದನು. ಆ ಊಹೆಯನ್ನು ಪರೀಕ್ಷಿಸುವ ಹಟವನ್ನು ರಾಸನು ತೊಟ್ಟನು. ನಮ್ಮ ಜೊತೆಯ ನಗರವಾದ ಸಿಕಂದರಾಬಾದಿನಲ್ಲಿ, ಬೇಗಂಪೇಟೆಯ ಸೈನಿಕ ಆಸ್ಪತ್ರೆಯಲ್ಲಿ, ಅವನ ಕೆಲಸವು ನಡೆಯಿತು. ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಡಿಯಲ್ಲಿ ನೋಡಬೇಕು. ಬೀಸಣಿಗೆ ಆಡಿಸಿದರೆ ಅವು ಹಾರಿಹೋಗುವುವು. ಆದುದರಿಂದ ಅದೂ ಇಲ್ಲ. ಬೆವರು ಹರಿದು ಯಂತ್ರದ ತಿರುಪುಗಳು ತುಕ್ಕು ಹಿಡಿದವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯು ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೂಲಿ ಪಡೆದು ತನ್ನ ಮೈಯನ್ನು ಕಚ್ಚಿಸಿಕೊಳ್ಳಲು ಒಡ್ಡಿದನು. ಕೊನೆಗೆ 1897ರ ಆಗಸ್ಟ್ 20ರಂದು, ರೆಕ್ಕೆಯ ಮೇಲೆ ಮಚ್ಚೆಗಳುಳ್ಳ ಒಂದು ಜಾತಿಯ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಕ್ರಿಮಿಯ ಕಪ್ಪು ಕಣಗಳು ರಾಸನ ಕಣ್ಣಿಗೆ ಬಿದ್ದವು. ಮರುವರ್ಷ ಕಲಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾವನ್ನು ಪರೀಕ್ಷಿಸಿ, ಕ್ರಿಮಿಯು ಸೊಳ್ಳೆಯ ಕಡಿತದಿಂದ ಹೇಗೆ ಹರಡುವುದೆಂಬುದನ್ನು ಅವನು ಪೂರ್ಣವಾಗಿ ತೋರಿಸಿದನು. ಮನುಷ್ಯರ ಮಲೇರಿಯಾದ ವಿಷಯದಲ್ಲಿ ಅದನ್ನು ಸಿದ್ಧಪಡಿಸಿದವರು ಇಟಲಿಯ ಗ್ರಾಸ್ಸಿ ಮೊದಲಾದವರು. 1902ರಲ್ಲಿ ರಾಸನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಆ ಕೀರ್ತಿಯಲ್ಲಿ ಹುಸೇನ್ ಖಾನನಿಗೂ ಒಂದು ಪಾಲುಂಟೆಂದು ನಾವು ತಿಳಿಯುತ್ತೇವೆ. ರೋಗಿಯ ಸಹಾಯವಿಲ್ಲದೆ ಯಾವ ವೈದ್ಯನೂ ರೋಗವನ್ನು ಗೆದ್ದುದಿಲ್ಲ.

ಈಗ ವಿಚಾರ ಮಾಡಿ. ಮಲೇರಿಯಾ ರೋಗಿಯನ್ನು ಮುಟ್ಟಿದರೆ ಮಲೇರಿಯಾ ಬಾರದು. ಅವನ ಪಕ್ಕದಲ್ಲಿ ಕುಳಿತರೂ ಬಾರದು. ರೋಗಿಯನ್ನು ಗೋಡೆಯ ಆಚೆಗಿಟ್ಟು ನಮ್ಮ ಅಂಗಳದಲ್ಲಿ ನೀರು ನಿಲ್ಲಗೊಟ್ಟರೆ, ಸೊಳ್ಳೆಯು ಗೋಡೆಯನ್ನು ಹಾರಿಯೇ ಬರುವುದು. ಜನರನ್ನು ಗೋಡೆಯಿಂದ ಬೇರ್ಪಡಿಸುವುದಕ್ಕೆಂದು ಹುಟ್ಟಿದ ದವಾಖಾನೆಯು, ಗೋಡೆಯಿಂದ ತಡೆಯಲಾಗದ ರೋಗದ ಗುಟ್ಟನ್ನು ಬಿಡಿಸಿದವನ ಹೆಸರನ್ನು ಇಂದು ಹೊತ್ತು ನಿಂತಿದೆ! ಇದಕ್ಕಿಂತ ಉಚಿತವಾದ ಹೆಸರು ಬೇರೊಂದಿಲ್ಲ.

ರೋಗವನ್ನು ಆಸ್ಪತ್ರೆಯ ಹೊರಗೆ ಗೆಲ್ಲಬೇಕೆಂಬುದನ್ನು ಇನ್ನೊಬ್ಬ ಮಹನೀಯರೂ ಈ ನಗರಕ್ಕೆ ಕಲಿಸಿದರು. ಅವರು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮೂಸಿಯ ಪ್ರವಾಹದ ತರುವಾಯ 1909ರಲ್ಲಿ ನಿಜಾಮ ಸರಕಾರವು ಅವರನ್ನು ಕರೆಸಿಕೊಂಡಿತು. ಅವರ ಯೋಜನೆಯಂತೆ 1920ರಲ್ಲಿ ಉಸ್ಮಾನ್‌ಸಾಗರವೂ 1927ರಲ್ಲಿ ಹಿಮಾಯತ್‌ಸಾಗರವೂ ಸಿದ್ಧವಾದವು. ನಗರದ ಕೊಳೆನೀರು ನೆಲದೊಳಗಿನ ಕೊಳವೆಗಳಲ್ಲಿ ಹರಿದುಹೋಗುವ ಏರ್ಪಾಡನ್ನೂ ಅವರು ಸೂಚಿಸಿದರು. ಕುಡಿಯುವ ನೀರು ಬೇರೆ, ಕೊಳೆನೀರು ಬೇರೆ ಎಂದಾದರೆ ವಾಂತಿಭೇದಿಗೂ ವಿಷಮಶೀತ ಜ್ವರಕ್ಕೂ ನೆಲೆಯೇ ಇಲ್ಲ. ವೈದ್ಯರು ರೋಗಿಯನ್ನು ಉಳಿಸುವರು. ಒಳ್ಳೆಯ ಎಂಜಿನಿಯರರು ಜನರು ರೋಗಿಗಳಾಗುವುದನ್ನೇ ತಪ್ಪಿಸುವರು.

2020ರಲ್ಲಿ ಕೋವಿಡ್ ಎಂಬ ಹೊಸ ಜಾಡ್ಯವು ಬಂದಾಗ ಹಳೆಯ ಮಾತೊಂದು ಮತ್ತೆ ಎಲ್ಲರ ನಾಲಗೆಯ ಮೇಲೂ ಆಡಿತು. 'ಕ್ವಾರಂಟೈನ್' ಎಂಬುದನ್ನು ಹಸುಳೆಗಳೂ ಕಲಿತವು. ನಲ್ಲಕುಂಟೆಯ ಹಿರಿಯರಿಗೆ ಮಾತ್ರ ಅದು ಹೊಸದಲ್ಲ, ಅವರ ಕೊರಂಟಿಯೇ. ನಮ್ಮ ದೇಶದಲ್ಲಿ ದಾಖಲಾದ ಮೊದಲ ಕೋವಿಡ್ ಸಾವು ಆ ವರ್ಷದ ಮಾರ್ಚಿಯಲ್ಲಿ ಕಲಬುರಗಿಯ ಹಿರಿಯರೊಬ್ಬರದು. ಆ ದಿನಗಳಲ್ಲಿ ಫೀವರ್ ಆಸ್ಪತ್ರೆಯವರು ಶಂಕಿತ ರೋಗಿಗಳನ್ನು ಪರೀಕ್ಷಿಸುವ ಭಾರವನ್ನು ಹೊತ್ತರು. ಅದೇ ದಿನಗಳಲ್ಲಿ ದೇಶದ ಹಲವೆಡೆ ದಾದಿಯರಿಗೂ ವೈದ್ಯರಿಗೂ ಬಾಡಿಗೆಯ ಮನೆಗಳನ್ನು ಬಿಟ್ಟು ಹೋಗಿರೆಂದು ಹೇಳಿದವರಿದ್ದರು. ಶತಮಾನ ಕಳೆದರೂ ಭಯವು ತನ್ನ ಹಳೆಯ ಗುಣವನ್ನು ಬಿಟ್ಟಿರಲಿಲ್ಲ. ಗುಣ ಹೊಂದಿ ಮನೆಗೆ ಮರಳಿದವರನ್ನು ನೆರೆಯವರು ಹೇಗೆ ಕಂಡರೆಂಬುದನ್ನು ನಿಮ್ಮ ನಿಮ್ಮ ಮನೆಗಳಲ್ಲಿ ಕೇಳಿ ತಿಳಿಯಿರಿ. ಅದೂ ಇತಿಹಾಸವೇ.

ಇಷ್ಟನ್ನು ಓದಿದ ಮೇಲೆ ನಾವು ಮಾಡತಕ್ಕದ್ದೇನು? ನಲ್ಲಕುಂಟೆ ಎಂಬ ಹೆಸರನ್ನೇ ನೋಡಿ. ತೆಲುಗಿನಲ್ಲಿ ನಲ್ಲ ಎಂದರೆ ಕಪ್ಪು. ಕುಂಟ ಎಂದರೆ ನಮ್ಮ ಕುಂಟೆಯೇ. ಇಂದು ನಾವು ಗಮನಿಸಬೇಕಾದ ಕುಂಟೆಗಳು ನಮ್ಮ ಮನೆಗಳಲ್ಲಿಯೇ ಇವೆ. ಕೂಲರಿನ ತಳದಲ್ಲಿ, ಹೂಕುಂಡದ ತಟ್ಟೆಯಲ್ಲಿ, ಮಾಳಿಗೆಯ ಮೇಲಿನ ಒಡೆದ ಬಕೆಟ್ಟಿನಲ್ಲಿ ನಿಂತ ನೀರೇ ಅವು. ಡೆಂಗಿಯ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಸುಮಾರು ಏಳರಿಂದ ಹತ್ತು ದಿನಗಳು ಬೇಕು. ವಾರಕ್ಕೊಮ್ಮೆ ಅವನ್ನೆಲ್ಲ ಬರಿದು ಮಾಡಿ ಉಜ್ಜಿ ಒಣಗಿಸಿದರೆ ಅದು ಬೆಳೆಯುವುದೇ ಇಲ್ಲ. ಬೆಂಗಳೂರಿನಲ್ಲಿ ರಾಸನು ಮಾಡಿದುದೂ ಅಷ್ಟೇ. ನಾಯಿ ಕಚ್ಚಿದರೆ ಮನೆಯಲ್ಲಿ ಬೈಯುವರೆಂದು ಅಡಗಿಸಬೇಡಿ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಹಾಕಿಸಿಕೊಳ್ಳಿ. ಲಕ್ಷಣಗಳು ತೋರಿದ ಮೇಲೆ ಆ ರೋಗದಿಂದ ಪಾರಾಗುವ ಆಸೆಯಿಲ್ಲ.

ಕೊನೆಯದಾಗಿ ಒಂದು ಮಾತು. ನಿಮ್ಮ ತರಗತಿಯ ಗೆಳೆಯನೊಬ್ಬನು ಜ್ವರ ಬಂದು ಹಲವು ದಿನ ಶಾಲೆಗೆ ಬಾರದಿದ್ದು ಮರಳಿ ಬಂದಾಗ, ವೈದ್ಯರು ಅವನಿಗೆ ಬರಬಹುದೆಂದು ಹೇಳಿರುವಾಗ, ಬೆಂಚಿನಲ್ಲಿ ಅವನಿಂದ ಸರಿದು ಕುಳಿತುಕೊಳ್ಳಬೇಡಿ. ಅವನು ತಪ್ಪಿಸಿಕೊಂಡ ಪಾಠಗಳ ಟಿಪ್ಪಣಿಯನ್ನು ಅವನ ಮುಂದಿಡಿ. ಇನ್ನು ಮುಂದೆ ಕೊರಂಟಿ ದವಾಖಾನೆಯ ಬಳಿ ನಡೆಯುವಾಗಲೂ ಓಡಬೇಕಾಗಿಲ್ಲ. ಒಳಗೆ ಮಲಗಿರುವವರು ನಮ್ಮಂತಹವರೇ. ಅವರ ಪಕ್ಕದಲ್ಲಿ ಹಗಲಿರುಳೂ ನಿಂತಿರುವವರು ಅಂಜಿಕೆಯನ್ನು ಜ್ಞಾನದಿಂದ ಗೆದ್ದವರು.